ಹನ್ನೆರಡನೆಯ ಎಲೆ

ಕಾಕ್ಸ್ ಟೌನಿನ ಬೇಕರಿ, ಅದರ ಮೇಲಿನ ಮಹಡಿ.
ಮೆಟ್ಟಿಲ ತುಂಬ ಬೆಣ್ಣೆ ಬಿಸ್ಕತ್ತಿನ ವಾಸನೆ.
ಆರೋಗ್ಯಮೇರಿ ಟೀಚರು ಕನ್ನಡಕ ಒರೆಸಿ
ಟ್ಯಾರೋ ಎಲೆಗಳ ಹರವಿದರು ಮೇಜಿನ ಮೇಲೆ:
‘ಎಡಗೈಲಿ ತೆಗಿ. ಯೋಚನೆ ಮಾಡಬೇಡ.’

ಹನ್ನೊಂದು ವರ್ಷ ನನ್ನ ಬಸ್ಸಿಗೆ ಹತ್ತಿದವರು,
ಪಾಟರಿ ರೋಡಲ್ಲಿ, ಸರಿಯಾದ ಚಿಲ್ಲರೆ ಮುಷ್ಟಿಯಲ್ಲಿಟ್ಟು.
ಅಮಾನತಿನ ಸುದ್ದಿ ಡ್ರೈವರ್ ಮುನಿಯಲ್ಲಪ್ಪ ಹೇಳಿದನಂತೆ.
ಬಾ ಒಮ್ಮೆ, ಎಂದು ಕರೆಸಿದ್ದರು.

ತೆಗೆದೆ.
ಒಂದೇ ಕಾಲಿಗೆ ಹಗ್ಗ. ತಲೆ ಕೆಳಗೆ.
ನೇತುಬಿದ್ದವನು.

ನಗು ಬಂತು, ಕೆಟ್ಟ ನಗು.
‘ಟೀಚರ್, ಇದನ್ನ ಡಿಪೋ ಮ್ಯಾನೇಜರೇ ಬರೆದಿರಬೇಕು:
ಮುಂದಿನ ಆದೇಶದವರೆಗೆ.’

ಅವರು ನಗಲಿಲ್ಲ. ಬೆರಳಿಟ್ಟು ಹೇಳಿದರು,
‘ಮುಖ ನೋಡು.’

ಕಿಟಕಿ ಸೀಟಲ್ಲಿ ನಿದ್ದೆ ಹೋದವನ ಮುಖ.
ಸ್ಟಾಪು ದಾಟಿದ್ದು ಗೊತ್ತು, ಏಳುವ ಆತುರವಿಲ್ಲ.
ತಲೆ ಸುತ್ತ ಹಳದಿ ಪ್ರಭೆ,
ಸಂಜೆ ಏಳರ ಬಸ್ಸಿನ ದೀಪದಂಥದು.
ಇನ್ನೊಂದು ಕಾಲು ಮಡಚಿ ಹಿಂದಕ್ಕೆ,
ಟೀ ಅಂಗಡಿ ಕಂಬಕ್ಕೊರಗಿ ನಿಂತವರ ಹಾಗೆ.
ತೂಗುಹಾಕಿದ ಮರವೂ ಸತ್ತದ್ದಲ್ಲ, ಚಿಗುರಿದೆ:
ಎಲೆಯೊಳಗೆ ಎಲೆ.

ಕೈ ಎರಡೂ ಬೆನ್ನ ಹಿಂದೆ.
‘ಕಟ್ಟಿದ್ದಾರಾ?’
‘ಕಾಣೋದಿಲ್ಲ. ಕಟ್ಟಿರಬಹುದು,
ತಾನೇ ಇಟ್ಟುಕೊಂಡಿರಬಹುದು.
ನಲವತ್ತು ವರ್ಷದಿಂದ ನೋಡ್ತಿದ್ದೇನೆ. ನನಗೂ ಗೊತ್ತಿಲ್ಲ.’

ತ್ರಿಶಂಕು, ಎಂದೆ.
‘ಅವನು ಮೇಲೇರಲು ಹೋಗಿ ನೂಕಿಸಿಕೊಂಡವನು.
ಇವನು ಹತ್ತಿಯೂ ಇಲ್ಲ, ಇಳಿದೂ ಇಲ್ಲ.
ನೀನು ದಿನಾ ಕೂಗ್ತಿದ್ದೆಯಲ್ಲ, ಅದೇ.’
‘ಏನು?’
‘ಹೋಲ್ಡಾನ್.’

ಆಮೇಲೆ, ದನಿ ತಗ್ಗಿಸಿ:
ತೀರ ಹಳೆಯ ಎಲೆಗಳಲ್ಲಿ ಇವನ ಹೆಸರು ದ್ರೋಹಿ.
ಕೈಯಲ್ಲಿ ಹಣದ ಚೀಲ;
ಕೆಲವದರಲ್ಲಿ ಕಾಸು ಉದುರುತ್ತಲೇ ಇರುತ್ತದೆ.

ಚೀಲ.
ನಾಗವಾರದಲ್ಲಿ ತನಿಖಾ ದಳ ಹತ್ತಿ
ಎಂಜಿನ್ ಮುಚ್ಚಳದ ಮೇಲೆ ಸುರಿಸಿತ್ತು ನನ್ನದನ್ನು.
ಲೆಕ್ಕಕ್ಕಿಂತ ಹದಿನಾರು ರೂಪಾಯಿ ಹೆಚ್ಚು.
ಯಾರದೋ ಬಾಕಿ ಅದು.
ಟಿಕೆಟ್ಟಿನ ಬೆನ್ನಿಗೆ ಬರೆದು, ಸುತ್ತು ಹಾಕಿ ಕೊಟ್ಟಿದ್ದೆ,
ಇಳಿಯುವಾಗ ಇಸ್ಕೊಳ್ಳಿ, ಎಂದಿದ್ದೆ.
ಫೋನಿನಲ್ಲಿ ಮಗಳನ್ನು ಸಮಾಧಾನ ಮಾಡುತ್ತ ಆತ
ಟ್ಯಾನರಿ ರೋಡಲ್ಲಿ ಇಳಿದೇಹೋದ.
ಅವನ ಮರೆವು ನನ್ನ ಕಳವಾಯಿತು.

ಹೀಗೆ ಹೇಳಿದರೆ ಕೇಳಲು ಚೆನ್ನ.
ಮರೆತವರ ಬಾಕಿ ಇನ್ನೆಷ್ಟೋ
ಹಾಲಾಗಿ, ಬೀಡಿಯಾಗಿ ನನ್ನ ಮನೆ ಸೇರಿದೆ.
ಆ ದಿನಗಳಲ್ಲಿ ಯಾರೂ ಹತ್ತಿರಲಿಲ್ಲ.

ಟೀಚರಿಗೆ ಇದನ್ನು ಹೇಳಲಿಲ್ಲ.
ಎಲೆಯನ್ನು ಸುಮ್ಮನೆ ತಿರುಗಿಸಿ ಹಿಡಿದೆ:
ಒಂಟಿಕಾಲಲ್ಲಿ ಕುಣಿಯುವ ಹುಡುಗ!
ಅವರು ನನ್ನ ಕೈಯಿಂದ ತೆಗೆದುಕೊಂಡು
ಮತ್ತೆ ತಲೆಕೆಳಗೆ ಮಾಡಿಟ್ಟರು. ‘ಇರಲಿ ಇನ್ನಷ್ಟು ದಿನ.’
ಐವತ್ತರ ನೋಟು ಚಾಚಿದರೆ
‘ಚಿಲ್ಲರೆ ಇಲ್ಲ’ ಎಂದು ಬಾಗಿಲವರೆಗೆ ಬಂದರು.

ವಾಪಸು ಬಸ್ಸಿನಲ್ಲಿ ಸೀಟು ಸಿಗಲಿಲ್ಲ.
ಇಪ್ಪತ್ತು ವರ್ಷ ನೇತಾಡುವವರ ನಡುವೆ ಈಜಿದವನು
ಮೊದಲ ಸಲ ಕಂಬಿ ಹಿಡಿದೆ.
ನಿಂತವರಿಗೆ ಊರು ಕಾಣುವುದು ಮೊಣಕಾಲಿಂದ ಕೆಳಗಂತೆ:
ಅಂಗಡಿಯ ಮೆಟ್ಟಿಲು, ಹೂವಿನವಳ ಒದ್ದೆ ಗೋಣಿ,
ಒಂದು ಚಪ್ಪಲಿಯನ್ನು ಇನ್ನೊಂದರ ಮೇಲಿಟ್ಟು
ಯಾರಿಗೋ ಕಾಯುತ್ತಿರುವ ಪಾದಗಳು.
ಬೋರ್ಡುಗಳಿಲ್ಲದ ಬೆಂಗಳೂರು.
ಎಲ್ಲಿದ್ದೇನೆಂದು ತಿಳಿಯಲಿಲ್ಲ, ಬೇಕೆನಿಸಲೂ ಇಲ್ಲ.

ಹೊಸ ಹುಡುಗ, ಕಂಡಕ್ಟರು. ಮೂವತ್ತು ಕೊಟ್ಟೆ.
ಟಿಕೆಟ್ಟಿನ ಬೆನ್ನಿಗೆ 6 ಎಂದು ಗೀಚಿ ಸುತ್ತು ಹಾಕಿದ.
ತಲೆಕೆಳಗೆ ಹಿಡಿದರೆ ಒಂಬತ್ತು.
‘ಇಳಿಯುವಾಗ ಇಸ್ಕೊಳ್ಳಿ.’

ನನ್ನ ಸ್ಟಾಪು ಬಂತು. ಫುಟ್‌ಬೋರ್ಡಿನಲ್ಲಿ ನಿಂತು
ಕೈ ಚಾಚಿದೆ. ಬಿಟ್ಟು ಹೋಗಬಹುದಿತ್ತು,
ಅವನ ಚೀಲದಲ್ಲಿ ಬಿಡಲು ಮನಸ್ಸಾಗಲಿಲ್ಲ.
ಹಿಂದಿನ ಆಟೋಗಳು ಹಾರನ್ ಒತ್ತಿದವು,
ಯಾರೋ, ಏನ್ ಸ್ವಾಮಿ ಆರು ರೂಪಾಯಿಗೆ, ಎಂದರು.
ಹುಡುಗ ಒಂದೊಂದೇ ನಾಣ್ಯ ಎಣಿಸಿದ.
‘ಹೋಲ್ಡಾನ್’ ಎಂದ ಡ್ರೈವರಿಗೆ.

ಬಸ್ಸು ಪೂರಾ ನೇತಾಡುತ್ತ ನಿಂತಿತು.