ಬೆನ್ನಿಗೆ ಬೆನ್ನು

ಲೀಡ್ಸಿನ ಈ ಬೀದಿ ನಮಗೆ ಮೊದಲು ಸಿಕ್ಕಿದ್ದು ಪರದೆಯಲ್ಲಿ.
ನಮ್ಮ ಸಂಜೆ, ಅವರ ಮಧ್ಯಾಹ್ನ, ನಡುವೆ ನಾಲ್ಕೂವರೆ ತಾಸು,
ಆ ನಡುವಿನಲ್ಲೆಲ್ಲೋ ಪೋಲೆಂಡಿನ ಆರು ಹುಡುಗರು.
ಹುಬ್ಬಳ್ಳಿಯಲ್ಲಿ ಕರೆಂಟು ಹೋದಾಗಲೆಲ್ಲ
ಅರ್ಧ ಎಳೆದ ಗೆರೆಯ ಹಾಗೆ, ಬಾಯಿ ತೆರೆದೇ
ನಾವು ಅಲ್ಲಿ ನಿಂತುಬಿಡುತ್ತಿದ್ದೆವಂತೆ.

ಈಗ ಮೇ ತಿಂಗಳು. ಹನ್ನೊಂದು ಮಕ್ಕಳ ಜೊತೆ
ನಿಜಕ್ಕೂ ನಿಂತಿದ್ದೇನೆ ಈ ಇಳಿಜಾರಿನಲ್ಲಿ,
ಕೆಂಪಿಟ್ಟಿಗೆಯ ಸಾಲಿನೆದುರು.
ಟೇಪು ಹಿಡಿದ ಗಿರಿಮಲ್ಲ ಒಂದು ಸುತ್ತು ಹಾಕಿ ಬಂದ,
ಇನ್ನೊಂದು ಸುತ್ತು ಹಾಕಿ ಬಂದ,
ಏನೋ ಕಳಕೊಂಡವನ ಹಾಗೆ.
"ಮೇಡಂ, ಹಿತ್ತಲ ಎಲ್ಲೈತ್ರಿ?"

ಹಿತ್ತಲಿಲ್ಲ. ಇದ್ದದ್ದೇ ಇಷ್ಟು.
ಈ ಮನೆಯ ಬೆನ್ನಿಗೆ ಆ ಮನೆಯ ಬೆನ್ನು,
ಜಗಳವಾಡಿ ಮಲಗಿದ ಗಂಡ ಹೆಂಡಿರ ಹಾಗೆ
ನೂರಿಪ್ಪತ್ತು ವರ್ಷದಿಂದ ಒಂದೇ ಗೋಡೆ ಹೊದ್ದಿವೆ.
ಬಾಗಿಲು ಒಂದೇ ಕಡೆ, ಬೆಳಕು ಒಂದೇ ಕಡೆ,
ಬಂದ ಗಾಳಿ ಬಂದ ದಾರಿಯಲ್ಲೇ ಹೊರಡಬೇಕು.
ಹಿತ್ತಲ ಗಿಡ ಮದ್ದಲ್ಲ ಅನ್ನುತ್ತ ಬೆಳೆದವರು ನಾವು;
ಹಿತ್ತಲೇ ಇಲ್ಲದವರು ಯಾವುದನ್ನು ಕಡೆಗಣಿಸುತ್ತಾರೆ?

ಅನುವಾದಿಸಲು ಹೋಗಿ ಸೋತೆ.
ಬ್ಯಾಕ್‌ಯಾರ್ಡ್ ಅಂದೆ. ಬಚ್ಚಲ ನೀರು, ಕರಿಬೇವು,
ಹೆಂಗಸರಿಗೆ ಅಳುವುದಕ್ಕೊಂದು ಮೂಲೆ,
ಯಾವುದೂ ಅದರಲ್ಲಿ ಹಿಡಿಸಲಿಲ್ಲ.
ಇಲ್ಲಿಯ ಹುಡುಗಿ ಟ್ಯಾಮ್ಸಿನ್ ಬದಲಿಗೊಂದು ಮಾತು ಕೊಟ್ಟಳು:
ಗಿನ್ನೆಲ್. ಎರಡು ಗೋಡೆಗಳ ನಡುವೆ ನುಸುಳುವ ಹಾದಿ.
"ಸಂದಿ!" ಅಂದೆವು ಹನ್ನೆರಡು ಮಂದಿ ಒಟ್ಟಿಗೆ.
ಎರಡು ವಾರದಲ್ಲಿ ಪೂರ್ತಿ ಕೈ ಬದಲಾದದ್ದು ಬಹುಶಃ ಅದೊಂದೇ.

ಯಾಗ್ನಾಳ ತಂಡ ಒಂದು ಸಾಲನ್ನೇ ಕೆಡವಿ ತೋಟ ಮಾಡಿತು.
ಒಂದು ಗುಂಡಿ ಒತ್ತಿದರೆ ಸಾಕು, ಧೂಳೂ ಏಳುವುದಿಲ್ಲ.
ತೋಟದ ತುಂಬ ಬೂದು ಮನುಷ್ಯರನ್ನು ಅಂಟಿಸಿತು,
ಮುಖವಿಲ್ಲದೆ, ಕಾಫಿ ಹಿಡಿದು, ಸದಾ ನಡೆಯುತ್ತಲೇ ಇರುವವರು.
ಹೀಗೆ ಅಂಟಿಸುವುದನ್ನು ನಾನೂ ಕಲಿಸುತ್ತಿದ್ದೇನೆ,
ಹದಿನೇಳು ವರ್ಷವಾಯಿತು.

ಮೆಹಜಬೀನ್ ಮಾತ್ರ ಮೂರು ದಿನ ಗೋಡೆ ನೋಡಿದಳು.
ಗೋಡೆಯಲ್ಲಿ ಕೊಕ್ಕೆಗಳಿದ್ದವು, ತುಕ್ಕು ಹಿಡಿದು,
ಆ ಕಡೆ ಹದಿನಾಲ್ಕು, ಈ ಕಡೆ ಎಂಟು.
ನಕ್ಷೆಯಲ್ಲಿ ಇರಲಿಲ್ಲ. ಬಾಗಿಲು ತಟ್ಟಿದಳು.

ವರ್ನಾ, ಎಂಬತ್ತೊಂದು, ಹುಡುಗಿಯಾಗಿ ಜಮೈಕಾದಿಂದ ಬಂದವಳು:
"ಬಟ್ಟೆ ಒಣಗಿಸುವ ಕೊಕ್ಕೆ, ಮಗಳೇ.
ಸೋಮವಾರ ಬೀದಿಗೆ ಅಡ್ಡಡ್ಡ ಹಗ್ಗ, ಒದ್ದೆ ಚಾದರ.
ಕಲ್ಲಿದ್ದಲ ಗಾಡಿ ಬಂದರೆ ಕೋಲಿನಿಂದ ಎತ್ತಿ ಹಿಡಿಯುತ್ತಿದ್ದೆವು,
ರಾಣಿ ಬಂದವಳ ಹಾಗೆ.
ಎದುರು ಮನೆಯ ಕ್ಯಾಥ್ಲೀನ್ ಸತ್ತಳು. ಆಮೇಲೆ
ಆ ತುದಿಯನ್ನು ಎಲ್ಲಿ ಕಟ್ಟಲಿ?
ಈಗಿರುವವನು ಎರಿಟ್ರಿಯಾದ ಹುಡುಗ, ರಾತ್ರಿ ಪಾಳಿ.
ಹೆಸರು ಕೇಳಿಲ್ಲ."

ಕೊನೆಗೆ ಅವಳ ಹಾಳೆಯಲ್ಲಿ ಕಟ್ಟಡವಿರಲಿಲ್ಲ.
ಬೀದಿಯ ಒಂದು ಸೆಕ್ಷನ್, ಎರಡು ಕೊಕ್ಕೆ, ಒಂದು ಹಗ್ಗ,
ಕೆಳಗೊಂದು ಪಟ್ಟಿ: ಯಾರು ಯಾರ ಬಾಗಿಲು ತಟ್ಟಬೇಕು, ಯಾವ ಹೊತ್ತಿಗೆ.
"ವಿನ್ಯಾಸ ಎಲ್ಲಿದೆ?" ಕೇಳಿದರು ತೀರ್ಪುಗಾರರು.
ಅವಳ ಇಂಗ್ಲಿಷು ಅಲ್ಲಿ ಕೈಕೊಟ್ಟಿತು.
ನಾನು ಬಾಯಿ ತೆರೆಯಲಿಲ್ಲ.
ತೆರೆಯಬೇಕಿತ್ತು.

ಅರವತ್ತೆರಡು ಕೊಟ್ಟರು. ಇಲ್ಲಿ ಅದು ಒಳ್ಳೆಯ ಅಂಕವೆಂದು
ಪ್ರೊಫೆಸರ್ ಅಲಸ್ಟೇರ್ ಚಹಾ ಕುಡಿಯುತ್ತ ಬಿಡಿಸಿ ಹೇಳಿದ.
ನಮ್ಮಲ್ಲಿ ಅರವತ್ತೆರಡಕ್ಕೆ ಯಾರೂ ಸಜ್ಜಕ ಮಾಡುವುದಿಲ್ಲ.
ಇದರಿಂದ ಅದಕ್ಕೆ ಬದಲಿಸುವ ಕೋಷ್ಟಕ ಆಫೀಸಿನಲ್ಲಿದೆಯಂತೆ,
ಅಂಕಗಳಿಗೆ ಮಾತ್ರ.

ಕೊನೆಯ ಸೋಮವಾರ, ಬೀದಿಯವರಿಗೆ ತೋರಿಸಲೆಂದು
ಯಾಗ್ನಾಳ ಮಾಡೆಲನ್ನು ನಾಲ್ವರು ಹೊತ್ತು ತಂದೆವು.
ಅಡ್ಡಲಾಗಿ ಒಂದು ಒದ್ದೆ ಚಾದರ.
ಆ ತುದಿಯಲ್ಲಿ ನಿದ್ದೆಗಣ್ಣಿನ ಹುಡುಗ ಗಂಟು ಬಿಗಿಯುತ್ತಿದ್ದ.
ಫಿಲ್ಮೋನ್, ಅಂದಳು ಮೆಹಜಬೀನ್, ಅವನ ಹೆಸರು ಫಿಲ್ಮೋನ್.
ವಾಲಿಸದೆ ದಾಟುವಂತಿರಲಿಲ್ಲ. ವಾಲಿಸಿದೆವು.
ಐನೂರಕ್ಕೆ ಒಂದರ ಅಳತೆಯ ಮೂರು ಸ್ಪಂಜಿನ ಮರ
ಉರುಳಿ ವರ್ನಾಳ ಮೆಟ್ಟಿಲ ಮೇಲೆ ಬಿದ್ದವು.
ಹೆಕ್ಕಲು ಬಾಗಿದ ಗಿರಿಮಲ್ಲನ ಕತ್ತಿಗೆ
ಚಾದರದಂಚಿನ ಹನಿ ತಣ್ಣಗೆ ತಾಗಿತು.
"ಬಿಡು, ಅಲ್ಲೇ ಇರಲಿ," ಅಂದಳು ಅಜ್ಜಿ,
"ನನಗೊಂದು ಗಿಡವೂ ಇಲ್ಲ."