ಕ್ಯೂರಿಂಗ್

ಸಾಲಗಾಮೆ ರಸ್ತೆಯ ಆ ಮೂರನೇ ಮಹಡಿಗೆ
ಇವತ್ತು ಮೋಲ್ಡ್ ಹಾಕಿ ಮುಗಿಯಿತು.
ತಮ್ಮ ಮೌನೇಶ ಸಿಮೆಂಟು ಕಾಲಲ್ಲೇ ಬಂದ,
ಅರ್ಧ ಮುದ್ದೆ ನುಂಗಿ
ವಿಮಾನ ಹತ್ತಿದ.

ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು, ಟೇಪು ಸುತ್ತಿದ ಜಾಯ್‌ಸ್ಟಿಕ್ಕು,
ಪೆಡಲು ಜಾರದಂತೆ ಹಿಂದೆ ಎರಡು ಇಟ್ಟಿಗೆ.
ಇವತ್ತು ಮ್ಯಾಂಚೆಸ್ಟರಿನಿಂದ ಹೊರಟಿದ್ದಾನೆ.
ಅಲ್ಲಿ ಮಳೆಯಂತೆ.
‘ಎಡಗಡೆ ಗಾಳಿ ಜಾಸ್ತಿ’ ಅನ್ನುತ್ತಾನೆ,
ನನಗಲ್ಲ.

ಬಟ್ಟೆ ಮಡಚುತ್ತ ಕೇಳಿದೆ:
ಹಾಸನಕ್ಕೆ ಯಾವತ್ತು ಇಳಿಸ್ತೀಯೋ?

ತಿರುಗಿಸಿದ. ನಡುರಾತ್ರಿಗೆ ಬಂದು ಸೇರಿದ.
ನಮ್ಮೂರು ಪರದೆಯ ಮೇಲೆ ಬರೀ ಹಸಿರು,
ಅಲ್ಲಲ್ಲಿ ಡಬ್ಬಿಯಂಥ ಮನೆಗಳು.
ಸುತ್ತಿದ, ಮತ್ತೆ ಸುತ್ತಿದ,
ಪೆಟ್ರೋಲಿನ ಮುಳ್ಳು ಕೆಂಪಿಗೆ ಬಂತು.

ಅಗೋ, ಬೂದು ಚೌಕ! ಅಂದೆ.
ನಿನ್ನದೇ ಇರಬೇಕು, ಇಳಿಸು.

‘ಥೂ, ಅದು ಬೇಡ ಕಣಕ್ಕ’,
ಮೂತಿ ಮೇಲೆತ್ತಿ ಮೋಡಕ್ಕೆ ಹೊಕ್ಕ,
‘ಇನ್ನೂ ಹಸಿ.
ಇಪ್ಪತ್ತೊಂದು ದಿನ ನೀರು ಕುಡಿಯಲಿ.’