ಐವತ್ತೆರಡು ಪೌಂಡು

ದುರ್ಗಿಗುಡಿಯ ನನ್ನ ಅಂಗಡಿಯಲ್ಲಿ
ಮುಂದೆ ಸೈಕಲ್ ಪಂಕ್ಚರು, ಹಿಂದೆ ಗಟ್ಟು ಕಟ್ಟುವ ಯಂತ್ರ.
ಜಿಲ್ಲೆಯಲ್ಲಿ ಟೆನಿಸ್ ಆಡುವವರು ನಲವತ್ತು ಜನ ಇದ್ದಾರು;
ಮುಖ ಮರೆತರೂ ಅವರ ಬಿಗಿ ನೆನಪಿರುತ್ತದೆ ನನಗೆ.

ಲಿಡ್ವಿನ್ ಮೇಡಂ: ಐವತ್ತಾರು.
ಒಂಬತ್ತು ವರ್ಷ, ಒಂಬತ್ತು ಕಪ್ಪು, ಅದೇ ಐವತ್ತಾರು.
ಕಟ್ಟಿ ಕೊಟ್ಟರೆ ಉಗುರಿನಿಂದ ಮೀಟಿ, ಕಿವಿಗೆ ಹಿಡಿದು
'ಹ್ಞೂಂ' ಅನ್ನುವರು. ಅಷ್ಟೇ ಮಾತು.

ಫೈನಲ್ಲಿನ ಹಿಂದಿನ ಸಂಜೆ ಬಂದವರು
ಮೀಟಲಿಲ್ಲ, ಕೂರಲಿಲ್ಲ.
'ಐವತ್ತೆರಡಕ್ಕೆ ಹಾಕು ಖಾದರ್. ಭುಜ ಮೇಲೇಳ್ತಿಲ್ಲ.'
ಬಾಗಿಲಲ್ಲಿ ತಿರುಗಿ, 'ಯಾರಿಗೂ ಬೇಡ.'

ಅರ್ಧ ಗಂಟೆಗೆ ಇಂಚರ, ಗೋಪಾಳದ ಕಂಡಕ್ಟರ್ ಮಗಳು.
ಇರುವುದೊಂದೇ ರ‍್ಯಾಕೆಟ್ಟು, ಅಪ್ಪನ ಖಾಕಿ ಅಂಗಿಯಲ್ಲಿ ಸುತ್ತಿದ್ದು.
'ಮೇಡಂಗೆ ಎಷ್ಟೋ ನಂಗೂ ಅಷ್ಟೇ.'
ಐವತ್ತಾರು ಅಂದರೆ ಸುಳ್ಳು, ಅಲ್ಲ ಅಂದರೆ ದ್ರೋಹ.
ಅವಳ ಮಾತನ್ನೇ ಹಿಡಿದು
ಅಷ್ಟಕ್ಕೇ ಕಟ್ಟಿದೆ, ಒಂದೇ ಸುರುಳಿಯ ಗಟ್ಟು.
ರಾತ್ರಿ ನಿದ್ದೆ ಹತ್ತಲಿಲ್ಲ.

ಭಾನುವಾರ. ಕೆಮ್ಮಣ್ಣಿನ ಕೋರ್ಟು, ಹಸಿ ಸುಣ್ಣದ ಗೆರೆ,
ತುಂಗೆಯ ಕಡೆ ಮಂಜು ಇನ್ನೂ ಎದ್ದಿರಲಿಲ್ಲ.
ಹುಡುಗಿ ಹೊಡೆದದ್ದೆಲ್ಲ ಗೆರೆಯಿಂದ ಒಂದು ಗೇಣು ಆಚೆ.
ಆ ಗೇಣು ನನ್ನದು.
ಮೇಡಂ ಓಡುವುದೇ ಇಲ್ಲ; ಚೆಂಡು ಬರುವಲ್ಲಿ
ಮೊದಲೇ ನಿಂತಿರುತ್ತಾರೆ,
ಬಸ್ಸಿನ ಹೊತ್ತು ಗೊತ್ತಿದ್ದವರ ಹಾಗೆ.
ಆರು–ಒಂದು.

ಎರಡನೇ ಸೆಟ್ಟು, ನಾಲ್ಕು–ನಾಲ್ಕು.
ಟಪ್ಪನೆ ಹರಿಯಿತು ಅವಳ ಗಟ್ಟು.
ಬೇರೆ ಇಲ್ಲ. ಅಂಪೈರು ಗಡಿಯಾರ ನೋಡಿದ.
ಮೇಡಂ ಚೀಲದಿಂದ ಇನ್ನೊಂದು ತೆಗೆದು
ನೆಟ್ಟಿನ ಮೇಲಿಂದ ಕೊಟ್ಟರು, ಹಿಡಿ ಅವಳ ಕಡೆ ಮಾಡಿ,
ಕತ್ತಿ ಕೊಡುವ ಹಾಗೆ.
ದಸರೆಗೆ ನಾನೇ ಕಟ್ಟಿದ್ದು. ಐವತ್ತಾರಕ್ಕೆ.

ಮೊದಲ ಹೊಡೆತಕ್ಕೇ ಸುಣ್ಣ ಹಾರಿತು. ಒಳಗೆ.
ಅವಳು ನಿಂತಳು. ಹೆಬ್ಬೆರಳಿಂದ ಗಟ್ಟು ಒತ್ತಿದಳು.
ಬೇಲಿಯಾಚೆ ನನ್ನನ್ನು ನೋಡಿದಳು,
ಆಮೇಲೆ ಮೇಡಂ ಕೈಯಲ್ಲಿದ್ದದ್ದನ್ನು,
ಆಮೇಲೆ ಮೇಡಂ ಭುಜವನ್ನು.
ಅಲ್ಲಾನಾಣೆಗೂ ನಾನು ಬಾಯಿ ಬಿಟ್ಟಿಲ್ಲ.

ಮುಂದಿನದನ್ನು ಮೂಲೆಗೆ ಹೊಡೆಯಬಹುದಿತ್ತು.
ಎತ್ತಿದಳು, ನೀಲಗಿರಿ ಮರದ ಎತ್ತರಕ್ಕೆ,
ಬಲಭುಜದ ಮೇಲೆಯೇ ಇಳಿಯುವಂತೆ.
ಮೇಡಂ ಕತ್ತೆತ್ತಿದರು.
ನಕ್ಕರೋ, ಬಿಸಿಲಿಗೆ ಮುಖ ಕಿವುಚಿದರೋ,
ತೋಳು ಹಿಂದಕ್ಕೆ ಹೋಯಿತು.

ಗೆದ್ದವರ ಹೆಸರು ಕಪ್ಪಿನ ಮೇಲಿದೆ,
ಕಪ್ಪು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ;
ಬೇಕಾದವರು ಹೋಗಿ ನೋಡಿಕೊಳ್ಳಿ.
ನನ್ನ ಪುಸ್ತಕದಲ್ಲಿರುವುದು ಸೋಮವಾರದ ಲೆಕ್ಕ:
ಇಂಚರ, ರ‍್ಯಾಕೆಟ್ಟು ಒಂದು.
ಬಿಗಿ ಎಷ್ಟು ಅಂದೆ.
'ನಂಗೆಷ್ಟು ಬೇಕೋ ಇನ್ನೂ ಗೊತ್ತಿಲ್ಲ' ಅಂದಳು.
ಆ ಮನೆ ಖಾಲಿ ಬಿಟ್ಟಿದ್ದೇನೆ.